ಓದಿ ಹೇಳಿ, ಆಮೇಲೆ ಒತ್ತುತೀನಿ: ನಮ್ಮ ಹಳ್ಳಿಯ ಹೆಣ್ಣುಮಕ್ಕಳ ಹಕ್ಕಿನ ಹಾದಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಫೋನ್ ಮಾಡಿದಾಗ, ನಾನು ಸಾಫ್ಟ್‌ವೇರ್ ಕ್ಷೇತ್ರದವನಾದ್ದರಿಂದ ಕಂಪ್ಯೂಟರ್ ಶಿಕ್ಷಣದ ಬಗ್ಗೆ ಬರೆಯಬಹುದು ಎಂದರು. ಒಪ್ಪಿಕೊಂಡು ಕುಳಿತೆ. ಎರಡು ದಿನ ಕಳೆದರೂ ಒಂದು ಪುಟವೂ ಆಗಲಿಲ್ಲ. ಈ ಶಾಲೆಯನ್ನು ನೆನೆದಾಗಲೆಲ್ಲ ನನಗೆ ನೆನಪಾಗುವುದು ಕಂಪ್ಯೂಟರ್ ಅಲ್ಲ, ಒಂದು ಛಾಪಾ ಕಾಗದ. ಆದ್ದರಿಂದ ಸಮಿತಿಯವರ ಕ್ಷಮೆ ಕೋರಿ ಆ ಕಾಗದದ ಬಗ್ಗೆ, ಅದರ ಹಿಂದೆ ಮುಂದೆ ಇರುವ ಸುಮಾರು 90 ವರ್ಷಗಳ ಇತಿಹಾಸದ ಬಗ್ಗೆ ಬರೆಯುತ್ತಿದ್ದೇನೆ.

ಆ ಕಾಗದ

ನಮ್ಮ ತಾತ 2002ರಲ್ಲಿ ತೀರಿಕೊಂಡರು. ಆಲೆಮನೆಯಲ್ಲಿ ಬೆಲ್ಲ ಮಾಡಿ ಮಾರಿದ ದುಡ್ಡು ಕೂಡಿಟ್ಟು, ಕಾಲುವೆ ಬಯಲಿನಲ್ಲಿ ತಾವೇ ಕೊಂಡ 2 ಎಕರೆ 20 ಗುಂಟೆ ಜಮೀನು ಅವರ ಹೆಸರಿನಲ್ಲಿತ್ತು. ಉಳಿದವರು ಅಜ್ಜಿ, ದೊಡ್ಡಪ್ಪ, ನಮ್ಮ ಅಪ್ಪ ಮತ್ತು ಇಬ್ಬರು ಸೋದರತ್ತೆಯರು. ಮರುವರ್ಷ ಖಾತೆ ಬದಲಾವಣೆ ಮಾಡಿಸುವಾಗ ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳಬೇಕೆಂದು ಯಾರೋ ತಿಳಿದವರು ಸಲಹೆ ಕೊಟ್ಟರು. ಪತ್ರ ಬರಹಗಾರರಿಂದ ಕರಡು ಬಂತು. ಆಗ ನಾನು ಇದೇ ಶಾಲೆಯಲ್ಲಿ 9ನೇ ತರಗತಿ. ಮನೆಯಲ್ಲಿ ಸರಾಗವಾಗಿ ಓದಬಲ್ಲವನು ನಾನೊಬ್ಬನೇ. ಜಗಲಿಯ ಮೇಲೆ ಕುಳಿತು ಎಲ್ಲರಿಗೂ ಕೇಳುವಂತೆ ಓದು ಎಂದರು ದೊಡ್ಡಪ್ಪ.

ಓದಿದೆ. 'ಯಾರ ಬಲವಂತವೂ ಇಲ್ಲದೆ ಸ್ವಸಂತೋಷದಿಂದ' ಎಂಬ ಮಾತು ಅದರಲ್ಲಿ ಎರಡು ಕಡೆ ಇತ್ತು. ಸರ್ವೆ ನಂಬರು, ಚಕ್ಕುಬಂದಿ, ಹಳೆಯ ಕಾಲದ ಉದ್ದುದ್ದ ವಾಕ್ಯಗಳು. ಕೊನೆಗೆ ದೊಡ್ಡತ್ತೆ ನನ್ನ ಕಡೆ ತಿರುಗಿ, "ಏನ್ ಮಗ ಬರ್ದವ್ರೆ ಅದ್ರಲ್ಲಿ?" ಎಂದು ಕೇಳಿದರು. ನನಗೆ ಗೊತ್ತಿತ್ತು. ಗೊತ್ತಿದ್ದೂ ದೊಡ್ಡಪ್ಪನ ಮುಖ ನೋಡಿ, "ಏನಿಲ್ಲ ಅತ್ತೆ, ಖಾತೆ ಮಾಡ್ಸೋಕೆ" ಎಂದೆ. ಮಾರನೆಯ ವಾರ ಇಬ್ಬರು ಅತ್ತೆಯರೂ ತಾಲ್ಲೂಕು ಕೇಂದ್ರಕ್ಕೆ ಹೋಗಿ ಸಬ್‌ರಿಜಿಸ್ಟ್ರಾರರ ಮುಂದೆ ಹೆಬ್ಬೆಟ್ಟು ಒತ್ತಿ ಬಂದರು. ಅವರಿಗೆ ಹೊಸ ಸೀರೆ, ರವಿಕೆ ಕಣ, ಅರಿಶಿನ ಕುಂಕುಮ ಕೊಟ್ಟು ಕಳಿಸಿದೆವು.

ಆ ವರ್ಷ ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ಮೂಲಭೂತ ಹಕ್ಕುಗಳ ಬಗ್ಗೆ ಪ್ರಶ್ನೆ ಬಂದಿತ್ತು. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದು ಬರೆದು ಪೂರ್ಣ ಅಂಕ ತೆಗೆದುಕೊಂಡೆ. ನಮ್ಮ ಮೇಷ್ಟ್ರು ಚೆನ್ನಾಗಿಯೇ ಪಾಠ ಮಾಡಿದ್ದರು. ಪಾಠಕ್ಕೂ ಜಗಲಿಗೂ ಸಂಬಂಧವಿದೆ ಎಂದು ನನಗೆ ತೋಚಲಿಲ್ಲ, ಅಷ್ಟೇ.

ಮೈಸೂರು ಸೀಮೆಯ ಮೊದಲ ಹೆಜ್ಜೆ

ಮುಂದೆ ಬಿ.ಇ. ಮುಗಿಸಿ ಬೆಂಗಳೂರು ಸೇರಿದ ಮೇಲೆ ಈ ವಿಷಯ ಓದತೊಡಗಿದೆ. ಮೊದಲು ನನಗೆ ಆಶ್ಚರ್ಯ ತಂದದ್ದು 1933. ಆ ವರ್ಷ ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕುಗಳಿಗಾಗಿಯೇ ಒಂದು ಕಾಯ್ದೆ ಮಾಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ; ಮಿರ್ಜಾ ಇಸ್ಮಾಯಿಲ್ ದಿವಾನರು. ಅವಿಭಕ್ತ ಕುಟುಂಬದ ಆಸ್ತಿ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಮಗಳಿಗೆ ಕೂಡ ಒಂದು ಪಾಲು ಸಿಗಬೇಕು ಎಂದು ಅದು ಹೇಳಿತು. ಗಂಡುಮಕ್ಕಳಿಗೆ ಸರಿಸಮನಾದ ಪಾಲಲ್ಲ. ಮದುವೆಯಾಗಿ ಹೋದ ಮಗಳ ಹೆಸರೂ ಅದರಲ್ಲಿಲ್ಲ. ಆದರೂ ಬ್ರಿಟಿಷ್ ಆಡಳಿತದ ಪ್ರಾಂತ್ಯಗಳಲ್ಲಿ ವಿಧವೆಯರ ಆಸ್ತಿ ಹಕ್ಕಿನ ಕಾಯ್ದೆ ಬಂದದ್ದು 1937ರಲ್ಲಿ, ಅಂದರೆ ನಾಲ್ಕು ವರ್ಷ ತಡವಾಗಿ. ಧಾರವಾಡ, ವಿಜಯಪುರ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು. ಕಲಬುರಗಿ, ಬೀದರ್, ರಾಯಚೂರು ನಿಜಾಮರ ಆಡಳಿತದಲ್ಲಿ. ಹೀಗೆ ಇಂದಿನ ಕರ್ನಾಟಕದಲ್ಲೇ, ಯಾವ ಸೀಮೆಯಲ್ಲಿ ಹುಟ್ಟಿದಳು ಎಂಬುದರ ಮೇಲೆ ಹೆಣ್ಣಿನ ಹಕ್ಕು ಬೇರೆಬೇರೆಯಾಗಿತ್ತು.

ಸ್ವಾತಂತ್ರ್ಯದ ಹೊತ್ತಿಗೆ ಇಡೀ ದೇಶಕ್ಕೆ ಒಂದೇ ಹಿಂದೂ ಸಂಹಿತೆ ಬೇಕೆಂಬ ಚರ್ಚೆ ನಡೆದಿತ್ತು. ಅದಕ್ಕಾಗಿ 1941ರಲ್ಲಿ ನೇಮಕವಾದ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರು ಮಂಗಳೂರು ಮೂಲದ ಬಿ.ಎನ್. ರಾವ್, ಮುಂದೆ ಸಂವಿಧಾನ ರಚನಾ ಸಭೆಗೆ ಸಲಹೆಗಾರರಾದವರು ಇವರೇ. ಡಾ. ಬಿ.ಆರ್. ಅಂಬೇಡ್ಕರ್ ಕಾನೂನು ಸಚಿವರಾಗಿ ಈ ಮಸೂದೆಗಾಗಿ ಹೆಣಗಿದರು. ಮಗಳಿಗೂ ಆಸ್ತಿ ಎಂಬ ಮಾತಿಗೆ ಸಂಸತ್ತಿನ ಒಳಗೂ ಹೊರಗೂ ಬಲವಾದ ವಿರೋಧ ಬಂತು. ಮಸೂದೆ ಮುಂದೆ ಸಾಗದೆ 1951ರ ಸೆಪ್ಟೆಂಬರಿನಲ್ಲಿ ಅವರು ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ಅದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಇದು ಮುಖ್ಯವಾದದ್ದು. ಅಂಬೇಡ್ಕರ್ ಎಂದರೆ ಸಂವಿಧಾನ ಎಂದಷ್ಟೇ ನಾವು ಶಾಲೆಯಲ್ಲಿ ಕಲಿತೆವು. ನಮ್ಮ ಅಜ್ಜಿ, ಅತ್ತೆಯರ ಪಾಲಿಗಾಗಿ ಅವರು ಅಧಿಕಾರ ಬಿಟ್ಟರು ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಮಸೂದೆ ಮುಂದೆ ಹೋಳುಹೋಳಾಗಿ ಅಂಗೀಕಾರವಾಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಜೂನ್ 17ರಿಂದ ಜಾರಿಗೆ ಬಂತು. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ತಂದೆಯ ತಾಯಿ ಬದುಕಿದ್ದರೆ ಅವರಿಗೂ ಉಂಟು. ಮಗಳಿಗೆ ಮದುವೆಯಾಗಿದೆಯೇ ಇಲ್ಲವೇ ಎಂದು ಈ ನಿಯಮ ಕೇಳುವುದಿಲ್ಲ.

ಇದನ್ನು ಓದಿದ ದಿನ ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. 2 ಎಕರೆ 20 ಗುಂಟೆ ಎಂದರೆ 100 ಗುಂಟೆ. ಐದು ಜನ ವಾರಸುದಾರರು. ತಲಾ 20 ಗುಂಟೆ. ದೊಡ್ಡತ್ತೆಗೆ 20, ಚಿಕ್ಕತ್ತೆಗೆ 20. ನಾನು ಜಗಲಿಯಲ್ಲಿ ಕುಳಿತು ಓದಿದ ದಿನಕ್ಕೆ ಆ ಕಾನೂನಿಗೆ 47 ವರ್ಷ ವಯಸ್ಸಾಗಿತ್ತು.

ಶಾಲೆ ತೆರೆದ ಕಾಲ, ಪಿತ್ರಾರ್ಜಿತದ ತೊಡಕು

ನಮ್ಮ ಶಾಲೆ ಆರಂಭವಾದ 1975 ವಿಶ್ವಸಂಸ್ಥೆ ಘೋಷಿಸಿದ ಅಂತರರಾಷ್ಟ್ರೀಯ ಮಹಿಳಾ ವರ್ಷ. ಅದಕ್ಕೆ ಸ್ವಲ್ಪ ಮೊದಲು, 1974ರ ಕೊನೆಯಲ್ಲಿ, ಭಾರತದ ಮಹಿಳೆಯರ ಸ್ಥಿತಿಗತಿ ಕುರಿತ ಸಮಿತಿ ಕೇಂದ್ರ ಸರ್ಕಾರಕ್ಕೆ ವರದಿ ಕೊಟ್ಟಿತ್ತು. ಕಾನೂನಿನ ಪುಸ್ತಕದಲ್ಲಿರುವ ಹಕ್ಕುಗಳು ಬಹುಪಾಲು ಹೆಂಗಸರನ್ನು ತಲುಪಿಯೇ ಇಲ್ಲ ಎಂಬುದು ಆ ವರದಿಯ ತಿರುಳು. ಅದೇ ಹೊತ್ತಿಗೆ ಕರ್ನಾಟಕದಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ನಡೆದಿತ್ತು. 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು. ನಮ್ಮ ಸುತ್ತಿನ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟ ಕಾನೂನು ಅದು. ಆದರೆ ಅರ್ಜಿ ಹಾಕುತ್ತಿದ್ದವರು ಸಾಮಾನ್ಯವಾಗಿ ಮನೆಯ ಯಜಮಾನರು. ನಾಟಿ, ಕಳೆ, ಕೊಯ್ಲು ಮಾಡಿದ ಹೆಂಗಸರ ಹೆಸರು ದಾಖಲೆಗೆ ಬಂದದ್ದು ತೀರ ಅಪರೂಪ.

1956ರ ಕಾಯ್ದೆಯಲ್ಲೂ ಒಂದು ದೊಡ್ಡ ಕೊರತೆ ಉಳಿದಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗುವಿಗೆ ಹುಟ್ಟಿನಿಂದಲೇ ಹಕ್ಕು, ಹೆಣ್ಣುಮಗುವಿಗೆ ಇಲ್ಲ. ತಂದೆ ತೀರಿಕೊಂಡ ಮೇಲೆ ತಂದೆಯ ಪಾಲಿನಲ್ಲಿ ಮಾತ್ರ ಒಂದು ಸಣ್ಣ ಪಾಲು. ಇದನ್ನು ಸರಿಪಡಿಸಲು ಕೇರಳ 1975ರಲ್ಲಿ ಅವಿಭಕ್ತ ಕುಟುಂಬದ ಪದ್ಧತಿಯನ್ನೇ ರದ್ದು ಮಾಡಿತು. ಆಂಧ್ರಪ್ರದೇಶ 1986ರಲ್ಲಿ, ತಮಿಳುನಾಡು 1989ರಲ್ಲಿ, ಮಹಾರಾಷ್ಟ್ರ 1994ರಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕು ಕೊಟ್ಟವು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಆಗ ವೀರಪ್ಪ ಮೊಯಿಲಿ ಮುಖ್ಯಮಂತ್ರಿಗಳು.

ಅದಕ್ಕೊಂದು ಷರತ್ತಿತ್ತು: ಆ ದಿನಕ್ಕೆ ಮೊದಲೇ ಮದುವೆಯಾದ ಮಗಳಿಗೆ ಇದು ಅನ್ವಯಿಸದು. ಅಕ್ಕನ ಲಗ್ನ 1994ರ ಮೇ ತಿಂಗಳಲ್ಲಿ, ತಂಗಿಯದು 1995ರ ಮೇ ತಿಂಗಳಲ್ಲಿ ಆಗಿದ್ದರೆ, ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರಲ್ಲಿ ತಂಗಿಗೆ ಹಕ್ಕು, ಅಕ್ಕನಿಗೆ ಇಲ್ಲ. ಮನೆಯ ವಿಚಾರದಲ್ಲೂ ಹೀಗೆಯೇ ಒಂದು ಬೇಲಿ ಇತ್ತು. ವಾಸದ ಮನೆಯಲ್ಲಿ ಮಗಳಿಗೆ ಪಾಲಿದ್ದರೂ, ಅಣ್ಣತಮ್ಮಂದಿರು ತಾವಾಗಿ ಭಾಗ ಮಾಡಿಕೊಳ್ಳುವವರೆಗೆ ಆಕೆ ಭಾಗ ಕೇಳುವಂತಿರಲಿಲ್ಲ. ಈ ಎರಡೂ ತೊಡಕು ಹೋಗಲು 2005 ಬರಬೇಕಾಯಿತು.

ಇಲ್ಲಿ ಹೇಳುತ್ತಿರುವುದು ಹಿಂದೂ ಉತ್ತರಾಧಿಕಾರ ಕಾಯ್ದೆಯ ಕಥೆ. ನಮ್ಮೂರಿನ ಮುಸ್ಲಿಂ ಮನೆಗಳಿಗೆ ಅವರ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ. ಅಲ್ಲೂ ಮಗಳಿಗೆ ಪಾಲು ಇದ್ದೇ ಇದೆ. ಆ ಪಾಲು ಕೈಗೆ ಬರುವಾಗ ಎದುರಾಗುವ ತೊಡಕು ಮಾತ್ರ ಎಲ್ಲರ ಮನೆಯಲ್ಲೂ ಒಂದೇ.

ಪಂಚಾಯಿತಿಯ ಕುರ್ಚಿ

ಹಕ್ಕು ಕಾಗದದಲ್ಲಿದ್ದರೆ ಸಾಲದು, ಅದನ್ನು ಕೇಳುವ ಬಾಯಿ ಬೇಕು. ಆ ಬಾಯಿ ಬಂದದ್ದು ಹೆಚ್ಚಾಗಿ ಪಂಚಾಯಿತಿಯ ದಾರಿಯಿಂದ. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು ಎಂಬುದು ನಾವು ಹೆಮ್ಮೆಪಡಬೇಕಾದ ಮಾತು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಅವರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ರೂಪುಗೊಂಡ 1983ರ ಕಾಯ್ದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಶೇಕಡ 25 ಸ್ಥಾನ ಮೀಸಲಿಟ್ಟಿತು. ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ 'ನೀರ್ ಸಾಬ್' ಎನಿಸಿಕೊಂಡ ಆ ಸಚಿವರನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. 1987ರ ಜನವರಿಯಲ್ಲಿ ಆ ಕಾಯ್ದೆಯಡಿ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು ದೇಶದ ಎಲ್ಲ ಪಂಚಾಯಿತಿಗಳಲ್ಲೂ ಮೂರನೇ ಒಂದು ಭಾಗ ಮೀಸಲಾದದ್ದು ಆರು ವರ್ಷ ಬಿಟ್ಟು, 1993ರ ಏಪ್ರಿಲ್ 24ರಂದು. ಮುಂದೆ ನಮ್ಮ ರಾಜ್ಯದಲ್ಲಿ ಅದು ಅರ್ಧಕ್ಕೆ ಏರಿತು.

2000ನೇ ಇಸವಿಯ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮೂರ ಕಾಲೋನಿಯ ಒಬ್ಬ ತಾಯಿ ಮೀಸಲು ಸ್ಥಾನದಿಂದ ಗೆದ್ದರು. ಹೆಸರು ಹೇಳದಿದ್ದರೂ ಊರಿನವರಿಗೆ ಯಾರೆಂದು ಗೊತ್ತಾಗುತ್ತದೆ. ಮೊದಲ ಕೆಲವು ತಿಂಗಳು ಅವರ ಪರವಾಗಿ ಯಜಮಾನರೇ ಸಭೆಗೆ ಹೋಗುತ್ತಿದ್ದರು. ನಡಾವಳಿ ಪುಸ್ತಕ ಮನೆಗೆ ಬರುತ್ತಿತ್ತು, ಅವರು ಹೆಬ್ಬೆಟ್ಟು ಒತ್ತಿ ಕಳಿಸುತ್ತಿದ್ದರು. ಒಂದು ದಿನ ಪುಸ್ತಕ ತಂದ ನೌಕರನಿಗೆ ಅವರು, "ಓದಿ ಹೇಳಪ್ಪ, ಆಮೇಲೆ ಒತ್ತುತೀನಿ" ಎಂದರಂತೆ. ಓದಿಸಿ ಕೇಳಿದಾಗ ಅವರ ಬೀದಿಯ ಚರಂಡಿಗೆಂದು ಇಟ್ಟ ಹಣ ಬೇರೆ ಬೀದಿಗೆ ಹೋಗಿರುವುದು ತಿಳಿಯಿತು. ಅಂದು ಒತ್ತಲಿಲ್ಲ. ಮುಂದಿನ ಸಭೆಗೆ ತಾವೇ ಹೋದರು.

ಅವರ ಮಗಳು ನಮ್ಮ ಶಾಲೆಯಲ್ಲಿ ನನಗಿಂತ ಒಂದು ತರಗತಿ ಮುಂದೆ ಓದುತ್ತಿದ್ದಳು. ಅಮ್ಮನಿಗೆ ಸ್ಲೇಟಿನ ಮೇಲೆ ಸಹಿ ಮಾಡಲು ಕಲಿಸಿದವಳು ಅವಳೇ. ಅದೇ ತಾಯಿ ಒಮ್ಮೆ ಶಾಲೆಗೆ ಬಂದು ಮುಖ್ಯೋಪಾಧ್ಯಾಯರನ್ನು, "ಹೆಣ್ಣುಮಕ್ಳಿಗೆ ಒಂದು ಕಕ್ಕಸು ಇಲ್ದೆ ಹೆಂಗೆ ಸಾ ಬರ್ತಾರೆ?" ಎಂದು ಕೇಳಿದ್ದನ್ನು ನಾವು ಕಿಟಕಿಯಿಂದ ಇಣುಕಿ ನೋಡಿ ನಕ್ಕಿದ್ದೆವು. ಮರುವರ್ಷ ಶಾಲೆಯ ಹಿಂಬದಿಗೆ ಹುಡುಗಿಯರ ಶೌಚಾಲಯ ಬಂತು. ಈ ಸಂಚಿಕೆಯಲ್ಲಿ ಕಟ್ಟಡ ದಾನಿಗಳ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ, ಏಕೆಂದರೆ ಅವರು ಹಣ ಕೊಡಲಿಲ್ಲ, ಪ್ರಶ್ನೆ ಕೇಳಿದರು. ಅದಕ್ಕಾಗಿ ಇಲ್ಲಿ ಬರೆದಿದ್ದೇನೆ.

ಸಂಘಗಳು ಮತ್ತು ಉಚಿತ ಕಾನೂನು ನೆರವು

ಆ ತಾಯಿಗೆ ಧೈರ್ಯ ಎಲ್ಲಿಂದ ಬಂತು ಎಂದು ಮುಂದೊಮ್ಮೆ ಕೇಳಿದ್ದೆ. "ಸಂಘದಿಂದ" ಎಂದರು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಮಹಿಳಾ ಸಮಖ್ಯಾ ಎಂಬ ಕಾರ್ಯಕ್ರಮ ಮೊದಲು ಕರ್ನಾಟಕ, ಗುಜರಾತ್, ಉತ್ತರಪ್ರದೇಶ ಈ ಮೂರು ರಾಜ್ಯಗಳಲ್ಲಿ ಶುರುವಾಯಿತು. ಹಣ ಹಂಚುವ ಯೋಜನೆ ಅದಲ್ಲ. ಬಡ ಹೆಂಗಸರು ಊರಲ್ಲಿ ಒಂದೆಡೆ ಸೇರಿ ಕುಳಿತು ತಮ್ಮ ಕಷ್ಟಕ್ಕೆ ಕಾರಣವೇನೆಂದು ತಾವೇ ಮಾತಾಡಿಕೊಳ್ಳುವುದು ಅದರ ಕೆಲಸ. ಕುಟುಂಬದ ಜಗಳ, ಹೊಡೆತ, ಬಾಲ್ಯವಿವಾಹಗಳನ್ನು ಹೆಂಗಸರೇ ಕುಳಿತು ವಿಚಾರಿಸುವ 'ನಾರಿ ಅದಾಲತ್' ಬೆಳೆದದ್ದು ಈ ಕಾರ್ಯಕ್ರಮದ ಸಂಘಗಳಿಂದಲೇ. ನಮ್ಮ ಕಡೆ ಹೆಚ್ಚಾಗಿ ಬಂದದ್ದು 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳು. ಅಂಗನವಾಡಿ ಕಾರ್ಯಕರ್ತೆಯರು 15ರಿಂದ 20 ಜನ ಹೆಂಗಸರನ್ನು ಸೇರಿಸಿ ವಾರದ ಉಳಿತಾಯ ಶುರುಮಾಡಿಸಿದರು. ಉಳಿತಾಯದ ಪುಸ್ತಕ ಬರೆಯಲು ಯಾರಾದರೂ ಓದಿದವಳು ಬೇಕು. ಹೀಗೆ ನಮ್ಮ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಮನೆಯಲ್ಲಿದ್ದ ಎಷ್ಟೋ ಸೊಸೆಯಂದಿರಿಗೆ, ಹೆಣ್ಣುಮಕ್ಕಳಿಗೆ ಒಂದು ಜವಾಬ್ದಾರಿಯ ಸ್ಥಾನ ಸಿಕ್ಕಿತು.

ಸಂಘ ದಾರಿ ತೋರಿದರೂ ಕೋರ್ಟಿನ ಖರ್ಚು ಯಾರು ಭರಿಸುವುದು? ಇದಕ್ಕೂ ಕಾನೂನಿನಲ್ಲಿ ಉತ್ತರವಿದೆ, ಗೊತ್ತಿರುವವರು ಕಡಿಮೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರಲ್ಲಿ ಆಗಿ 1995ರ ನವೆಂಬರ್ 9ರಿಂದ ಜಾರಿಗೆ ಬಂತು. ಅದರ 12ನೇ ಕಲಮಿನ ಪ್ರಕಾರ ಯಾವುದೇ ಮಹಿಳೆ ಉಚಿತ ಕಾನೂನು ನೆರವಿಗೆ ಅರ್ಹಳು. ಆದಾಯದ ಮಿತಿ ಇಲ್ಲ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಅಲ್ಲಿ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೂ ಸಾಕು, ಪ್ಯಾನೆಲ್ ವಕೀಲರನ್ನು ನೇಮಿಸಿಕೊಡುತ್ತಾರೆ. 15100 ಎಂಬ ಉಚಿತ ಸಹಾಯವಾಣಿಯೂ ಇದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ. ಮೇಲ್ಮನವಿಯ ಅಲೆದಾಟವಿಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸು. ಹಾಗೆಯೇ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ಮನೆ ಗಂಡನ ಹೆಸರಿನಲ್ಲಿದ್ದರೂ ಆ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ. ಅದಕ್ಕೆ ರಕ್ಷಣಾಧಿಕಾರಿ ನಮ್ಮ ಅಂಗನವಾಡಿಗಳ ಮೇಲಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ. ಅಂದರೆ ದೂರು ಹೇಳಿಕೊಳ್ಳುವ ಮೊದಲ ಬಾಗಿಲು ಊರಿನ ಅಂಗನವಾಡಿಯ ಮೂಲಕವೇ ತೆರೆಯಬಹುದು.

2005ರಿಂದ 2020ಕ್ಕೆ

ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಂತೆಯೇ ಮಗಳಿಗೂ ಹುಟ್ಟಿನಿಂದ ಹಕ್ಕು. ಮದುವೆಯ ದಿನಾಂಕದ ಷರತ್ತು ಇಲ್ಲ. ಮನೆಯ ಭಾಗ ಕೇಳಲು ಇದ್ದ ಅಡ್ಡಿಯೂ ಹೋಯಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗಗಳನ್ನು ಮತ್ತೆ ಕೆದಕುವಂತಿಲ್ಲ ಎಂದಿತು. ಆ ಮೇಲೆ ಹದಿನೈದು ವರ್ಷ ಒಂದು ಗೊಂದಲ ಉಳಿಯಿತು: ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೆ ಮಗಳಿಗೆ ಈ ಹಕ್ಕು ಉಂಟೋ ಇಲ್ಲವೋ? ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಇಲ್ಲ ಎಂದಿತು. ನಮ್ಮ ರಾಜ್ಯದ್ದೇ ಇನ್ನೊಂದು ಪ್ರಕರಣದಲ್ಲಿ 2018ರಲ್ಲಿ ಬೇರೆ ದಿಕ್ಕಿನ ತೀರ್ಪು ಬಂತು. ಕಡೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಹಕ್ಕು ಹುಟ್ಟಿನಿಂದ ಬರುವುದು, ತಂದೆ ಆ ದಿನ ಬದುಕಿರಬೇಕಾಗಿಲ್ಲ ಎಂದು ಇತ್ಯರ್ಥ ಮಾಡಿತು.

ಇದರ ನಡುವೆ ನನ್ನ ಕಸುಬಿಗೆ ಸಂಬಂಧಿಸಿದ ಒಂದು ಬದಲಾವಣೆಯೂ ಆಯಿತು. ಸುಮಾರು 2000-01ರ ವೇಳೆಗೆ 'ಭೂಮಿ' ತಂತ್ರಾಂಶದ ಮೂಲಕ ರಾಜ್ಯದ ಪಹಣಿಗಳೆಲ್ಲ ಗಣಕೀಕರಣವಾದವು. ಸುಮಾರು 2 ಕೋಟಿ ಪಹಣಿಗಳು. ಶಾನುಭೋಗರ ಪೆಟ್ಟಿಗೆಯಲ್ಲಿದ್ದ ದಾಖಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಯಾರಿಗಾದರೂ ಸಿಗುವಂತಾಯಿತು. ತನ್ನ ಹೆಸರಿದೆಯೇ ಎಂದು ಹೆಂಗಸು ಯಾರ ಅಪ್ಪಣೆಯೂ ಇಲ್ಲದೆ ನೋಡಬಹುದಾಯಿತು. ಆದರೆ ಕಂಪ್ಯೂಟರ್ ನಾವು ಕೊಟ್ಟದ್ದನ್ನಷ್ಟೇ ಇಟ್ಟುಕೊಳ್ಳುತ್ತದೆ. ಪೌತಿ ಖಾತೆಗೆ ವಂಶವೃಕ್ಷ ಕೊಡಬೇಕು. ಆ ವಂಶವೃಕ್ಷದಲ್ಲೇ ಹೆಣ್ಣುಮಕ್ಕಳನ್ನು ಬಿಟ್ಟು ಬರೆದುಕೊಟ್ಟರೆ, ಎಂಥ ತಂತ್ರಾಂಶವೂ ಅವರನ್ನು ಹುಡುಕಿ ತರಲಾರದು. ಮರದ ಚಿತ್ರ ಬರೆದು ಅರ್ಧ ಕೊಂಬೆಗಳನ್ನು ಕತ್ತರಿಸಿದ ಹಾಗೆ. ನಮ್ಮ ತಾಲ್ಲೂಕಿನಲ್ಲಿ ಅಂಥ ವಂಶವೃಕ್ಷಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅತ್ತೆ ಹೇಳಿದ ಮಾತು

2020ರ ತೀರ್ಪು ಪತ್ರಿಕೆಗಳಲ್ಲಿ ಬಂದಾಗ ನಾನು ಕೊರೋನಾ ಕಾರಣ ಊರಿನಿಂದಲೇ ಕೆಲಸ ಮಾಡುತ್ತಿದ್ದೆ. ದೊಡ್ಡತ್ತೆಯನ್ನು ನೋಡಲು ಅವರ ಊರಿಗೆ ಹೋದೆ. ಹದಿನೇಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿಬಿಟ್ಟೆ. "ಅತ್ತೆ, ಅವತ್ತು ನಾನು ಸುಳ್ಳು ಹೇಳಿದೆ. ಅದು ನಿಮ್ಮ ಪಾಲು ಬಿಟ್ಟುಕೊಡುವ ಪತ್ರ" ಎಂದೆ.

ಅವರು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಗೊತ್ತಿತ್ತು ಕಣ ಮಗ" ಎಂದರು. "ನೀನ್ ಹೇಳ್ದಿದ್ರೂ ನಿನ್ ಮಖ ಹೇಳ್ತು. ಪಾಲು ಕೇಳಿದ್ರೆ ತವರಿನ ಬಾಗ್ಲು ಮುಚ್ಕತದೆ ಅಂತ ಒತ್ತಿದೆ. ನಿಮ್ ಮಾವ ಹೋದ್ಮೇಲೆ ಕಷ್ಟ ಬಂತಲ್ಲ, ಆಗ ಆ ಇಪ್ಪತ್ತು ಗುಂಟೆ ಇದ್ದಿದ್ರೆ ಅನ್ನಿಸ್ತು. ಯಾರ್ಗೂ ಹೇಳ್ಲಿಲ್ಲ."

ಈ ಮಾತು ನನ್ನ ಓದನ್ನೆಲ್ಲ ತಿದ್ದಿತು. ಹೆಂಗಸರಿಗೆ ಕಾನೂನು ಗೊತ್ತಿಲ್ಲ, ತಿಳಿಸಿದರೆ ಸಾಕು ಎಂದುಕೊಂಡಿದ್ದೆ. ಅತ್ತೆಗೆ ಸೆಕ್ಷನ್ನು ಗೊತ್ತಿರಲಿಲ್ಲ. ಪಾಲು ಇದೆ ಎಂಬುದು ಗೊತ್ತಿತ್ತು. ಕೇಳಿದರೆ ಹಬ್ಬಕ್ಕೆ ಕರೆಯುವವರಿಲ್ಲ, ಮಗಳ ಮದುವೆಗೆ ಸೋದರಮಾವ ಬರುವುದಿಲ್ಲ ಎಂಬುದೂ ಗೊತ್ತಿತ್ತು. ತವರೋ ಪಾಲೋ ಎಂದು ಅವರ ಮುಂದೆ ಇಟ್ಟವರು ನಾವು. 'ಸ್ವಸಂತೋಷದಿಂದ' ಎಂಬ ಮಾತಿನ ಅರ್ಥ ಅಷ್ಟೇ. ಆದ್ದರಿಂದ ಕಾನೂನು ಅರಿವಿನ ಶಿಬಿರ ಹೆಂಗಸರಿಗೆ ಮಾತ್ರ ಮಾಡಿದರೆ ಸಾಲದು. ಅಣ್ಣತಮ್ಮಂದಿರನ್ನೂ, ಪತ್ರ ಓದುವ ಹುಡುಗರನ್ನೂ ಕೂರಿಸಬೇಕು.

ಮರುದಿನ ಪರಿಚಯದ ವಕೀಲರನ್ನು ಕೇಳಿದೆ. ನೋಂದಣಿಯಾಗಿ ಇಷ್ಟು ವರ್ಷ ಕಳೆದ ಪತ್ರವನ್ನು, ಅದೂ ತಿಳಿದೇ ಒತ್ತಿದ್ದನ್ನು, ಕೋರ್ಟಿನಲ್ಲಿ ರದ್ದು ಮಾಡಿಸುವುದು ಕಷ್ಟ ಎಂದರು. ಅತ್ತೆಗೂ ಕೋರ್ಟು ಬೇಡವಾಗಿತ್ತು. ಅಪ್ಪನ ಜೊತೆ ಹಲವು ರಾತ್ರಿ ಮಾತಾಡಿದೆ, ಒಮ್ಮೆ ಜಗಳವೂ ಆಯಿತು. ಕೊನೆಗೆ ಅವರು ತಮ್ಮ ಭಾಗದಿಂದ 10 ಗುಂಟೆಯನ್ನು ದೊಡ್ಡತ್ತೆಗೆ ದಾನಪತ್ರ ಮಾಡಿಕೊಟ್ಟರು. ನ್ಯಾಯವಾಗಿ ಬರಬೇಕಾದದ್ದರಲ್ಲಿ ಅರ್ಧ. ದೊಡ್ಡಪ್ಪನ ಮನೆಯವರು ಒಪ್ಪಲಿಲ್ಲ. ಚಿಕ್ಕತ್ತೆ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಲೆಕ್ಕ ಹಾಗೆಯೇ ಉಳಿದಿದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದೊಡ್ಡತ್ತೆ ಅಪ್ಪನ ಪಕ್ಕದಲ್ಲೇ ಕುಳಿತಿದ್ದರು. ಈ ಸಲ ಪತ್ರದ ಪ್ರತಿ ವಾಕ್ಯವನ್ನೂ ಓದಿ, ನಮ್ಮ ಮಾತಿನಲ್ಲಿ ಅರ್ಥ ಹೇಳಿದೆ.

2022ರಲ್ಲಿ ಅಪ್ಪನೂ ಹೋದರು. ಪೌತಿ ಖಾತೆಗೆ ವಂಶವೃಕ್ಷ ಬರೆಸುವಾಗ ಅಮ್ಮ, ತಂಗಿ, ನಾನು ಮೂವರ ಹೆಸರೂ ಬಂತು. ತಂಗಿ ಇದೇ ಶಾಲೆಯ ವಿದ್ಯಾರ್ಥಿನಿ. ನಾನು ಅರ್ಜಿ ತಂದುಕೊಟ್ಟು ಇಲ್ಲಿ ಸಹಿ ಮಾಡು ಎಂದೆ. ಅವಳು ಪೆನ್ನು ಕೆಳಗಿಟ್ಟು, ಅರ್ಜಿ ಕೈಗೆ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು. ಸರ್ವೆ ನಂಬರಿನಲ್ಲಿ ಒಂದು ತಪ್ಪು ಸಿಕ್ಕಿತು. ತಿದ್ದಿಸಿ ತಂದ ಮೇಲೆ ಸಹಿ ಹಾಕಿದಳು.

ಶಾಲೆಗೊಂದು ಬಿನ್ನಹ

ಐವತ್ತು ವರ್ಷಗಳಲ್ಲಿ ಈ ಶಾಲೆಯಿಂದ ಡಾಕ್ಟರುಗಳು, ಎಂಜಿನಿಯರುಗಳು, ಶಿಕ್ಷಕರು, ಸೈನಿಕರು ಹೊರಬಂದಿದ್ದಾರೆ. ಅವರನ್ನೆಲ್ಲ ಈ ಸಂಚಿಕೆ ನೆನೆಯುತ್ತದೆ. ಅದಕ್ಕಿಂತ ದೊಡ್ಡ ಸಂಖ್ಯೆಯಲ್ಲಿ ಹೊರಬಂದವರು ಮನೆಯಲ್ಲಿ ಕಾಗದ ಓದಿ ಹೇಳುವ ಮಕ್ಕಳು. ತಾಯಿಗೆ ಬ್ಯಾಂಕಿನ ಚೀಟಿ, ಅಜ್ಜಿಗೆ ಪಿಂಚಣಿಯ ಆದೇಶ, ಅತ್ತೆಗೆ ಛಾಪಾ ಕಾಗದ ಓದಿ ಹೇಳುವವರು ಇಂದಿಗೂ ಇವರೇ. ಅವರು ಏನು ಹೇಳುತ್ತಾರೆ ಎಂಬುದರ ಮೇಲೆ ಒಂದು ಮನೆಯ ಅರ್ಧ ಜನರ ಬದುಕು ನಿಂತಿರುತ್ತದೆ.

ಆದ್ದರಿಂದ ಶಿಕ್ಷಕರಲ್ಲಿ, ಶಾಲಾಭಿವೃದ್ಧಿ ಸಮಿತಿಯವರಲ್ಲಿ ಎರಡು ಕೋರಿಕೆ. ಮೊದಲನೆಯದು, ಪ್ರತಿವರ್ಷ ನವೆಂಬರ್ 9ರ ಕಾನೂನು ಸೇವೆಗಳ ದಿನದಂದು ತಾಲ್ಲೂಕು ಕಾನೂನು ಸೇವಾ ಸಮಿತಿಯವರನ್ನು ಶಾಲೆಗೆ ಕರೆಸಿ, ಮಕ್ಕಳ ಜೊತೆ ತಂದೆತಾಯಿ ಇಬ್ಬರನ್ನೂ ಕೂರಿಸಬೇಕು. ಎರಡನೆಯದು, 9ನೇ ತರಗತಿಯ ಮಕ್ಕಳಿಗೆ ಪಹಣಿ ಓದುವುದು, ವಂಶವೃಕ್ಷ ಬರೆಯುವುದು, ಒಂದು ಪತ್ರದಲ್ಲಿ ಯಾರು ಯಾರಿಗೆ ಏನು ಕೊಡುತ್ತಿದ್ದಾರೆ ಎಂದು ಗುರುತಿಸುವುದು, ಇಷ್ಟನ್ನು ನಾಲ್ಕು ತಾಸಿನಲ್ಲಿ ಕಲಿಸಬೇಕು. ಇದಕ್ಕೆ ಬೇಕಾದ ನಮೂನೆಗಳನ್ನು ಸಿದ್ಧಮಾಡಿಕೊಡಲು, ರಜೆ ಹಾಕಿ ಬಂದು ಪಾಠ ಮಾಡಲು ನಾನು ಸಿದ್ಧನಿದ್ದೇನೆ. ವಂಶವೃಕ್ಷದ ಪಾಠವನ್ನು ಮಕ್ಕಳು ಅವರವರ ಮನೆಯದನ್ನೇ ಬರೆದು ಕಲಿಯಲಿ, ಅಜ್ಜಿಯ ಹೆಸರಿನಿಂದ ಶುರುಮಾಡಿ.

ಮಹೋತ್ಸವಕ್ಕೆ ದೊಡ್ಡತ್ತೆಯನ್ನು ಕರೆದಿದ್ದೇನೆ. ಅವರು ಈ ಶಾಲೆಯಲ್ಲಿ ಓದಿದವರಲ್ಲ. ಶಾಲೆ ತೆರೆಯುವ ಹೊತ್ತಿಗೆ ಅವರ ಮದುವೆಯಾಗಿತ್ತು. ಮಂಡಿನೋವು, ಆದರೂ ಬರುತ್ತೇನೆ ಎಂದಿದ್ದಾರೆ. ಈ ಲೇಖನ ಅಚ್ಚಾಗಿ ಬಂದ ಮೇಲೆ ಅವರಿಗೆ ಓದಿ ಹೇಳಬೇಕು, ಒಂದು ಸಾಲೂ ಬಿಡದೆ.